ಬಾಣಂತಿಯ ಇಪ್ಪತ್ತು ನಿಮಿಷ

ಪುಣೆಯ ಕನ್ನಡಿಗರ ಮನೆಗಳಲ್ಲಿ ಬಾಣಂತನವೆಂದರೆ ಧಾರವಾಡದಿಂದಲೋ ವಿಜಯಪುರದಿಂದಲೋ ತವರಿನ ತಾಯಿ ಬಂದಿಳಿಯಬೇಕು. ಜೊತೆಗೆ ಅಂಟಿನುಂಡೆಯ ಡಬ್ಬಿ, ಎಣ್ಣೆ ತಿಕ್ಕಿ ನೀರೆರೆಯಲು ಮರಾಠಿ ಮಾವಶಿ. ಅವರ ‘ಬಾಳಂತೀಣ’ಗಾಗಲಿ ನಮ್ಮ ‘ಬಾಣಂತಿ’ಗಾಗಲಿ ದೇಹದ ಆರೈಕೆಗೆ ಕೊರತೆಯಿಲ್ಲ. ಕೊರತೆಯಿರುವುದು ಮನಸ್ಸಿನ ಆರೈಕೆಗೆ.

ಮಗಳು ಹುಟ್ಟಿದ ಮೊದಲ ತಿಂಗಳು, ಕೂಸು ಮಲಗಿದರೂ ನನ್ನ ಹೆಂಡತಿಗೆ ನಿದ್ದೆಯಿರಲಿಲ್ಲ. ಉಸಿರಾಡುತ್ತಿದೆಯೇ ಎಂದು ಮತ್ತೆ ಮತ್ತೆ ಅದರ ಮೂಗಿನ ಬಳಿ ಬೆರಳು ಹಿಡಿಯುತ್ತಿದ್ದಳು. “ಸುಮ್ಮನ ಮಲ್ಕೋಬಾರದೇನವ್ವಾ?” ಎನ್ನುತ್ತಿದ್ದರು ಅತ್ತೆ. ನಾನೂ ಅದನ್ನೇ ಹೇಳಿ ಕಚೇರಿಗೆ ಹೊರಡುತ್ತಿದ್ದೆ.

ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ ‘ದ ಯೆಲ್ಲೋ ವಾಲ್‌ಪೇಪರ್’ ಕಥೆಯಲ್ಲಿ, ಹೊಸ ತಾಯಿಯೊಬ್ಬಳಿಗೆ ವೈದ್ಯನಾದ ಗಂಡನೇ ವಿಶ್ರಾಂತಿಯನ್ನು ವಿಧಿಸುತ್ತಾನೆ, ಆಕೆಯ ಮಾತನ್ನು ಮಾತ್ರ ಕೇಳುವುದಿಲ್ಲ. ಆಕೆ ಬುದ್ಧಿಸ್ವಾಸ್ಥ್ಯವನ್ನೇ ಕಳೆದುಕೊಳ್ಳುತ್ತಾಳೆ. ಎಂ.ಎ. ಓದುವಾಗ ಈ ಕಥೆಯ ಮೇಲೆ ಪುಟಗಟ್ಟಲೆ ಬರೆದಿದ್ದ ನನಗೆ, ಆ ಗಂಡ ನಮ್ಮ ಮನೆಯಲ್ಲೂ ಇದ್ದಾನೆಂದು ತಡವಾಗಿ ಹೊಳೆಯಿತು.

ವೈದ್ಯೆ ಕಲಿಸಿದ ಉಪಾಯ ಸರಳವಾದದ್ದು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಕಳೆದ ಶತಮಾನದ ಪೂರ್ವಾರ್ಧದಲ್ಲಿ ರೂಪಿಸಿದ ಸ್ನಾಯು ಸಡಿಲಿಕೆಯ ಕ್ರಮವದು. ಮುಷ್ಟಿಯನ್ನು ಐದಾರು ಸೆಕೆಂಡು ಬಿಗಿಹಿಡಿದು ಮೆಲ್ಲನೆ ಬಿಡುವುದು. ಹಾಗೆಯೇ ಭುಜ, ದವಡೆ, ಹಣೆ, ಪಾದ. ಸಿಸೇರಿಯನ್ ಆದವರು ಹೊಟ್ಟೆಯನ್ನು ಬಿಗಿಯಬಾರದು. ಉಸಿರನ್ನು ಒಳಗೆಳೆದುದಕ್ಕಿಂತ ನಿಧಾನವಾಗಿ ಹೊರಬಿಡಬೇಕು. ಆದರೆ ಇದಕ್ಕೆ ಇಪ್ಪತ್ತು ನಿಮಿಷ ಬೇಕು, ಆ ಹೊತ್ತಿಗೆ ಕೂಸು ಬೇರೊಬ್ಬರ ತೋಳಿನಲ್ಲಿರಬೇಕು. ಅಪ್ಪಣೆಯಿಂದ ಬಾರದ ವಿಶ್ರಾಂತಿ ಬಿಡುವಿನಿಂದ ಬರುತ್ತದೆ.

ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ 180 ದಿನಗಳ ಹೆರಿಗೆ ರಜೆಯಿದೆ, ಪುರುಷರಿಗೆ 15 ದಿನಗಳ ಪಿತೃತ್ವ ರಜೆ. ಅದನ್ನು ನಾನು ಜನನ ಪ್ರಮಾಣಪತ್ರಕ್ಕೂ ನಾಮಕರಣದ ಓಡಾಟಕ್ಕೂ ವ್ಯಯಿಸಿದೆ. ಕೂಸನ್ನೆತ್ತಿಕೊಂಡು ಸಂಜೆ ಗ್ಯಾಲರಿಯಲ್ಲಿ ನಿಲ್ಲಲು ಕಲಿತದ್ದು ರಜೆ ಮುಗಿದ ಮೇಲೆ. ಒಳಗೆ ಅವಳು ಕಣ್ಮುಚ್ಚಿ ಮಲಗಿರುತ್ತಿದ್ದಳು. ಕೆಲವು ದಿನ ಅತ್ತದ್ದೂ ಉಂಟು. ಆದರೂ ಕೆಲವು ವಾರಗಳಲ್ಲಿ ಕೂಸಿನೊಡನೆ ಅವಳಿಗೂ ನಿದ್ದೆ ಹತ್ತತೊಡಗಿತು.

ಎಲ್ಲ ಆತಂಕವೂ ಇಷ್ಟಕ್ಕೆ ಶಮನವಾಗದು. ಎರಡು ವಾರ ಕಳೆದರೂ ದುಗುಡ ಇಳಿಯದಿದ್ದರೆ ವೈದ್ಯರನ್ನು ಕಾಣಬೇಕು. ತನಗೋ ಕೂಸಿಗೋ ಕೇಡು ಮಾಡುವ ಯೋಚನೆ ಸುಳಿದರೆ ಒಂದು ದಿನವೂ ತಡಮಾಡಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಪರನಾಡಿನಲ್ಲಿ ಹೆತ್ತವಳಿಗೆ ತನ್ನ ನುಡಿಯಲ್ಲಿ ದುಃಖ ಹೇಳಿಕೊಳ್ಳುವುದೇ ಅರ್ಧ ಸಮಾಧಾನ. ಉಳಿದರ್ಧ ಮನೆಯವರ ಕೈಯಲ್ಲಿದೆ. “ಮಲಗು” ಎನ್ನುವ ಮೊದಲು ಕೂಸನ್ನೆತ್ತಿಕೊಳ್ಳೋಣ.