ಜ್ವರದ ಸುದ್ದಿ ಬರುವ ಮೊದಲೇ ಲಸಿಕೆ

ಮಳೆಗಾಲದ ಭಾನುವಾರಗಳಲ್ಲಿ ಬಲಿಪೂಜೆಯ ಮಧ್ಯೆ ಕೆಮ್ಮಿನ ಸದ್ದು ಕೇಳದ ಇಗರ್ಜಿ ಕರಾವಳಿಯಲ್ಲಿ ಇರಲಿಕ್ಕಿಲ್ಲ. ಮಳೆಯಲ್ಲಿ ನೆನೆದು ಶೀತವಾಗಿದೆ ಎಂದು ನಾವು ಅದನ್ನು ಅಲ್ಲಿಗೇ ಬಿಡುತ್ತೇವೆ. ಆದರೆ ದಕ್ಷಿಣ ಭಾರತದಲ್ಲಿ ಇನ್‌ಫ್ಲುಯೆಂಜಾ ಹೆಚ್ಚಾಗಿ ಹರಡುವುದೂ ಇದೇ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ.

2009ನ್ನು ಹಿರಿಯರು ಮರೆತಿರಲಾರರು. ಆ ವರ್ಷ ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಎಚ್1ಎನ್1 ಜ್ವರವನ್ನು ಜಾಗತಿಕ ಪಿಡುಗು ಎಂದು ಘೋಷಿಸಿತು. ಆಗಸ್ಟ್‌ನಲ್ಲಿ ಪುಣೆಯಲ್ಲಿ ದೇಶದ ಮೊದಲ ಸಾವು ಸಂಭವಿಸಿದಾಗ ಎಲ್ಲೆಡೆ ಮಾಸ್ಕ್‌ಗಾಗಿ ಹುಡುಕಾಟ. ನಮ್ಮ ದೇಶದಲ್ಲೇ ತಯಾರಾದ ಲಸಿಕೆ ಬಂದದ್ದು ಮಾತ್ರ 2010ರ ಮಧ್ಯಭಾಗದಲ್ಲಿ. ಅದೇ ಆಗಸ್ಟ್‌ನಲ್ಲಿ ಪಿಡುಗು ಮುಗಿಯಿತೆಂಬ ಪ್ರಕಟಣೆಯೂ ಬಂತು. ಭಯವಿದ್ದಾಗ ಲಸಿಕೆ ಇರಲಿಲ್ಲ, ಲಸಿಕೆ ಬಂದಾಗ ಭಯ ಉಳಿದಿರಲಿಲ್ಲ. 2015ರಲ್ಲಿ ಅದೇ ವೈರಸ್ ದೇಶದಲ್ಲಿ 42 ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಪತ್ತೆಯಾಗಿ ಸುಮಾರು 3 ಸಾವಿರ ಜೀವಗಳನ್ನು ಬಲಿ ತೆಗೆದುಕೊಂಡಿತು. ಆಗ ಲಸಿಕೆ ಇತ್ತು, ಹಾಕಿಸಿಕೊಳ್ಳುವ ಅಭ್ಯಾಸ ಇರಲಿಲ್ಲ. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ ವೃದ್ಧರೊಬ್ಬರು ಎಚ್3ಎನ್2ನಿಂದ ತೀರಿಕೊಂಡಾಗಲೂ ಚರ್ಚೆ ಕೆಲವು ವಾರಗಳಷ್ಟೇ ನಡೆಯಿತು.

ಈ ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆರಡು ಬಾರಿ, ಫೆಬ್ರವರಿ ಮತ್ತು ಸೆಪ್ಟೆಂಬರ್‌ನಲ್ಲಿ, ತಿಳಿಸುತ್ತದೆ. ಹೋದ ವರ್ಷದ ಚುಚ್ಚುಮದ್ದು ಈ ವರ್ಷಕ್ಕೆ ಸಾಲದು. ಚುಚ್ಚಿಸಿಕೊಂಡ ಮೇಲೆ ದೇಹದಲ್ಲಿ ರಕ್ಷಣೆ ಬೆಳೆಯಲು ಸುಮಾರು ಎರಡು ವಾರ ಬೇಕು. ಆದ್ದರಿಂದ ನಮ್ಮ ಕಡೆ ಮೇ ತಿಂಗಳೇ ಸೂಕ್ತ ಸಮಯ. ತಡವಾದರೂ ಹಾಕಿಸಿಕೊಳ್ಳುವುದರಲ್ಲಿ ಲಾಭವಿದೆ. ಲಸಿಕೆ ಪಡೆದವರಿಗೂ ಜ್ವರ ಬರಬಹುದು ನಿಜ, ಆದರೆ ಅದು ಆಸ್ಪತ್ರೆಯ ತನಕ ಹೋಗುವ ಸಂಭವ ಕಡಿಮೆ. ಅರುವತ್ತೈದು ದಾಟಿದವರು, ಗರ್ಭಿಣಿಯರು, ಸಣ್ಣ ಮಕ್ಕಳು, ಸಕ್ಕರೆ ಕಾಯಿಲೆ, ಅಸ್ತಮಾ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಲೇಬೇಕು.

ಲಸಿಕೆಯ ನೈತಿಕತೆಯ ಬಗ್ಗೆ ಕೋವಿಡ್ ಕಾಲದಲ್ಲಿ ಎದ್ದ ಸಂದೇಹವನ್ನು ಕೆಲವರು ಇದಕ್ಕೂ ಅಂಟಿಸುತ್ತಾರೆ. ಫ್ಲೂ ಲಸಿಕೆಗಳಲ್ಲಿ ಹೆಚ್ಚಿನವು ಕೋಳಿಮೊಟ್ಟೆಯಲ್ಲಿ ಬೆಳೆಸಿದವು. ಕೋವಿಡ್ ಲಸಿಕೆಯ ವಿಚಾರವನ್ನೂ ವ್ಯಾಟಿಕನ್ 2020ರ ಡಿಸೆಂಬರ್‌ನಲ್ಲೇ ಇತ್ಯರ್ಥಗೊಳಿಸಿದೆ; ಲಸಿಕೆ ಪಡೆಯುವುದು ಪ್ರೀತಿಯ ಕಾರ್ಯವೆಂದು 2021ರಲ್ಲಿ ಅಂದಿನ ಪೋಪ್ ಫ್ರಾನ್ಸಿಸ್ ಹೇಳಿದ್ದಾರೆ.

ನಿಜವಾದ ಅಡ್ಡಿ ಹಣದ್ದು. ಮಕ್ಕಳಿಗೆ ಸರಕಾರ ಉಚಿತವಾಗಿ ನೀಡುವ ಲಸಿಕೆಗಳ ರಾಷ್ಟ್ರೀಯ ಪಟ್ಟಿಯಲ್ಲಿ ಇದು ಇಲ್ಲ. ಹೆಚ್ಚಿನವರು ಖಾಸಗಿ ಆಸ್ಪತ್ರೆಯಲ್ಲಿ ಕೈಯಿಂದ ಕೊಟ್ಟೇ ಹಾಕಿಸಿಕೊಳ್ಳಬೇಕು, ಅದೂ ಪ್ರತಿ ವರ್ಷ. ನಮ್ಮ ಧರ್ಮಕೇಂದ್ರಗಳಲ್ಲಿ ರಕ್ತದಾನ ಶಿಬಿರ, ಕಣ್ಣಿನ ತಪಾಸಣೆಗಳಿಗೆ ಕೊರತೆಯಿಲ್ಲ, ಅವುಗಳ ಫೋಟೊಗಳಿಗಂತೂ ಇಲ್ಲವೇ ಇಲ್ಲ. ಮೇ ತಿಂಗಳಲ್ಲಿ ಒಂದು ಲಸಿಕಾ ಶಿಬಿರವನ್ನೂ ಸೇರಿಸಬಾರದೇಕೆ? ಬಡವರ ಖರ್ಚನ್ನು ಸಂತ ವಿನ್ಸೆಂಟ್ ದಿ ಪೌಲ್ ಸಭೆ ವಹಿಸಿಕೊಳ್ಳಬಹುದು. ಮಕ್ಕಳೆಲ್ಲ ಗಲ್ಫ್‌ನಲ್ಲಿದ್ದು ಒಬ್ಬರೇ ಇರುವ ಅಜ್ಜಿ ಯಾವ ಮನೆಯಲ್ಲಿದ್ದಾರೆಂದು ವಾಳೆಯ ಗುರಿಕಾರರಿಗೆ ತಿಳಿದಷ್ಟು ಯಾವ ಇಲಾಖೆಗೂ ತಿಳಿಯದು. ಆ ಹೆಸರುಗಳನ್ನು ಮಳೆಗೆ ಮೊದಲೇ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ.

ಜ್ವರವಿದ್ದರೂ ಭಾನುವಾರದ ಪೂಜೆ ತಪ್ಪಿಸಿದರೆ ಪಾಪವೆಂದು ನಂಬಿದ ಹಿರಿಯರು ಅನೇಕರಿದ್ದಾರೆ. ಕಾಯಿಲೆ ಇದ್ದವರಿಗೆ ಆ ಕಟ್ಟಳೆ ಅನ್ವಯಿಸದು ಎಂದು ಧರ್ಮಸಭೆಯ ಬೋಧನೆಯೇ ಹೇಳುತ್ತದೆ. ಇದನ್ನು ನಾವು ಯಾಜಕರು ಪೀಠದಿಂದ ಸ್ಪಷ್ಟವಾಗಿ ಹೇಳಿದ್ದು ಕಡಿಮೆ. ಹಾಗೆಯೇ ರೋಗಿಗಳ ಮನೆಗೆ ಪರಮಪ್ರಸಾದ ಕೊಂಡೊಯ್ಯುವವರು ತಮಗೇ ಕೆಮ್ಮಿದ್ದರೆ ಆ ದಿನ ಬೇರೆಯವರನ್ನು ಕಳುಹಿಸಲಿ. ಮೊಂತಿ ಹಬ್ಬದ ನೊವೆನಾಕ್ಕೆ ಹೂ ಹಿಡಿದು ಒಂಬತ್ತು ದಿನ ಬರುವ ಮಕ್ಕಳ ವಿಷಯದಲ್ಲಿಯೂ ತಂದೆತಾಯಂದಿರು ಇದನ್ನು ನೆನಪಿಡಲಿ: ಜ್ವರ ಬಂದ ಮಗು ಎರಡು ದಿನ ಮನೆಯಲ್ಲಿದ್ದರೆ ಮಾತೆ ಮರಿಯಮ್ಮ ಬೇಸರಿಸಲಾರರು.

ಇನ್ನೊಂದು ಎಚ್ಚರಿಕೆ. ಕರಾವಳಿಯಲ್ಲಿ ಮಳೆಗಾಲದ ಜ್ವರವೆಲ್ಲ ಫ್ಲೂ ಅಲ್ಲ. ಮಲೇರಿಯಾ, ಡೆಂಗ್ಯೂ, ಇಲಿಜ್ವರಗಳೂ ಇದೇ ಕಾಲದವು. ಅಂಗಡಿಯಿಂದ ಮಾತ್ರೆ ತಂದು ನುಂಗಿ ದಿನ ಕಳೆಯುವುದು ಬೇಡ. ಫ್ಲೂವಿಗೆ ವೈದ್ಯರು ಕೊಡುವ ಒಸೆಲ್ಟಾಮಿವಿರ್ ಔಷಧವು ಲಕ್ಷಣ ಕಂಡ 48 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚು ಫಲ ನೀಡುತ್ತದೆ. ಉಸಿರಾಡಲು ಕಷ್ಟ, ಎದೆನೋವು, ಮಂಪರು ಕಂಡರೆ ರಾತ್ರಿಯಾದರೂ ಸರಿ, ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಹೊರಡಬೇಕು.