ಮುಪ್ಪಿನ ಮಿದುಳಿನ ಅಡ್ಡರಸ್ತೆಗಳು

ಪಾರ್ಶ್ವವಾಯು ಬಡಿದ ವೃದ್ಧರನ್ನು ಕುರಿತು ‘ವಯಸ್ಸಾಯಿತು, ಇನ್ನೇನು ಮಾಡಲಾದೀತು’ ಎಂದು ನಿಟ್ಟುಸಿರುಬಿಡುವುದು ನಮ್ಮ ಮನೆಗಳಲ್ಲಿ ವಾಡಿಕೆಯಾಗಿದೆ. ಈ ಮಾತನ್ನು ನಾವು ಒಪ್ಪಲಾರೆವು. ವಯಸ್ಸಾಗಿರುವುದೇ ಅವಸರಕ್ಕೆ ಕಾರಣವಾಗಬೇಕು.

1948ರಲ್ಲಿ ಅಶೋಕಸ್ತಂಭದೊಡನೆ ಆರಂಭವಾದ ಜಯನಗರದ ರಚನೆಯನ್ನು ಬಲ್ಲ ವಾಚಕರಿಗೆ ಮಿದುಳಿನ ರಕ್ತನಾಳಗಳ ವಿನ್ಯಾಸವು ಸುಲಭವಾಗಿ ತಿಳಿಯುವುದು. ಅಲ್ಲಿ ಮುಖ್ಯರಸ್ತೆಗಳುಂಟು, ಅವುಗಳನ್ನು ಕೂಡಿಸುವ ಅಡ್ಡರಸ್ತೆಗಳುಂಟು, ಸೌತ್ ಎಂಡ್ ವೃತ್ತದಂತಹ ಕೂಡುದಾಣಗಳುಂಟು. ಮಿದುಳಿನ ಬುಡದಲ್ಲಿಯೂ ಅಂಥದೊಂದು ನಾಳಗಳ ವೃತ್ತವಿದೆ. ಅದನ್ನು 1664ರಲ್ಲಿ ವರ್ಣಿಸಿದ ಆಂಗ್ಲ ವೈದ್ಯ ಥಾಮಸ್ ವಿಲ್ಲಿಸನ ಹೆಸರೇ ಅದಕ್ಕೆ ನಿಂತಿದೆ. ಇದಲ್ಲದೆ ಮಿದುಳಿನ ಮೇಲ್ಮೈಯಲ್ಲಿ ಒಂದು ಧಮನಿಯ ಕವಲನ್ನು ಮತ್ತೊಂದರ ಕವಲಿಗೆ ಸೇರಿಸುವ ಅತಿಸಣ್ಣ ನಾಳಗಳಿವೆ. ಮುಖ್ಯ ಧಮನಿಯಲ್ಲಿ ಹೆಪ್ಪು ಸಿಕ್ಕಿಕೊಂಡೊಡನೆ ಈ ಅಡ್ಡರಸ್ತೆಗಳು ಹಿಗ್ಗಿ, ನೆರೆಯ ಧಮನಿಯ ರಕ್ತವನ್ನು ಹಿಮ್ಮೊಗವಾಗಿ ಹರಿಯಿಸಿ, ಹಸಿದ ಭಾಗವನ್ನು ಕೆಲಕಾಲ ಬದುಕಿಸಿಡುತ್ತವೆ.

ವಯಸ್ಸು ಏರಿದಂತೆ ಈ ನಾಳಗಳ ಸಂಖ್ಯೆಯು ಇಳಿಯುವುದೆಂದೂ ಉಳಿದವು ಸಪೂರವಾಗಿ ಡೊಂಕಾಗುವುವೆಂದೂ ಇಲಿಗಳ ಮೇಲಿನ ಪರೀಕ್ಷೆಗಳಿಂದ ತಿಳಿದುಬಂದಿದೆ. ಬಹುಕಾಲದ ರಕ್ತದೊತ್ತಡವೂ ಸಕ್ಕರೆಯ ಕಾಯಿಲೆಯೂ ನಾಳದ ಗೋಡೆಯನ್ನು ಬಿರುಸುಗೊಳಿಸಿ ಹಿಗ್ಗುವ ಶಕ್ತಿಯನ್ನು ಕುಂದಿಸುತ್ತವೆ. ಓಡಾಟದ ಅಭ್ಯಾಸವಿದ್ದ ಇಲಿಗಳಲ್ಲಿ ಮಾತ್ರ ಈ ನಷ್ಟವು ಬಹುಮಟ್ಟಿಗೆ ತಪ್ಪಿತಂತೆ. ಲಾಲ್‌ಬಾಗಿನಲ್ಲಿ ಬೆಳಗಿನ ನಡಿಗೆಗೆ ಹೋಗುವ ಹಿರಿಯರಿಗೆ ಇದು ಸಂತೋಷದ ವಾರ್ತೆಯೇ ಸರಿ. ಆದರೆ ಇಲಿಗೆ ಸಿದ್ಧಿಸಿದ್ದು ಮನುಷ್ಯನಿಗೂ ಸಿದ್ಧಿಸಿತೆಂದು ಈಗಲೇ ಡಂಗುರ ಸಾರಲು ನಾವು ಸಿದ್ಧರಿಲ್ಲ.

ಹೀಗಿರುವಲ್ಲಿ ತರುಣನ ಮಿದುಳು ತಾಳಿಕೊಳ್ಳುವಷ್ಟು ಹೊತ್ತು ವೃದ್ಧರದು ಸಾಮಾನ್ಯವಾಗಿ ತಾಳದು. ರಾತ್ರಿ ಬಾಯಿ ಸೊಟ್ಟಗಾದ ಅಜ್ಜಿಯನ್ನು ‘ಬೆಳಗಾಗಲಿ’ ಎಂದು ಮಲಗಿಸುವುದು, ಎಣ್ಣೆ ತಿಕ್ಕುತ್ತ ಕೂರುವುದು, ಬಾಯಿಗೆ ಕಾಫಿ ಹನಿಸುವುದು ಎಲ್ಲವೂ ಅಪಾಯಕರ. ಮುಖ ಓರೆಯಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ಇವುಗಳಲ್ಲಿ ಒಂದು ಥಟ್ಟನೆ ಕಂಡರೂ ಗಡಿಯಾರ ನೋಡಿ ಹೊತ್ತನ್ನು ಬರೆದಿಟ್ಟು 108ಕ್ಕೆ ಕರೆಯಬೇಕು. ರಕ್ತಸ್ರಾವದಿಂದಲೂ ಪಾರ್ಶ್ವವಾಯು ಬರುವುದರಿಂದ, ಮಿದುಳಿನ ಚಿತ್ರ ತೆಗೆಯುವ ಮೊದಲು ಮನೆಯಲ್ಲಿ ಯಾವ ಮಾತ್ರೆಯನ್ನೂ ಕೊಡಕೂಡದು. ಹೆಪ್ಪು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಅವಧಿ. ಹೆಪ್ಪನ್ನು ಸೆಳೆದು ತೆಗೆಯುವ ಚಿಕಿತ್ಸೆಯು ಆಯ್ದ ಕೆಲವರಿಗೆ 24 ಗಂಟೆಯವರೆಗೂ ಫಲಿಸುವುದುಂಟು. ಅವರು ಬಹುಮಟ್ಟಿಗೆ ಅಡ್ಡರಸ್ತೆಗಳು ಚೆನ್ನಾಗಿ ಉಳಿದಿರುವವರು. 80 ದಾಟಿತೆಂಬ ಒಂದೇ ಕಾರಣದಿಂದ ಈ ಚಿಕಿತ್ಸೆಗಳು ನಿಷಿದ್ಧವಲ್ಲ.

ಜಯನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಯವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ದೂರವಲ್ಲ. ಆದರೂ ತಮ್ಮ ಮನೆಗೆ ಅತಿ ಸಮೀಪದಲ್ಲಿ ಹಗಲುರಾತ್ರಿ ಸಿ.ಟಿ. ಚಿತ್ರ ತೆಗೆದು ಈ ಔಷಧ ಕೊಡುವ ಆಸ್ಪತ್ರೆ ಯಾವುದೆಂದು ಗೃಹಿಣಿಯರು ಈ ವಾರವೇ ವಿಚಾರಿಸಿ, ಅದರ ದೂರವಾಣಿ ಸಂಖ್ಯೆಯನ್ನು ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಡಲಿ.