ಪದಕ ಸಿಕ್ಕಿತು, ಮುಂದೇನು?

ಪೂರ್ಣ ಐರನ್‌ಮ್ಯಾನ್ ಎಂದರೆ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್ ಸವಾರಿ, ಅದರ ಮೇಲೆ 42.2 ಕಿ.ಮೀ. ಓಟ. ಇಷ್ಟನ್ನೂ ಸಾಮಾನ್ಯವಾಗಿ 17 ಗಂಟೆಯೊಳಗೆ ಮುಗಿಸಬೇಕು. ಒಂದು ಕಾಲಕ್ಕೆ ಇದು ನಮಗೆ ಪೇಪರಿನಲ್ಲಿ ಓದಿ ಬೆರಗಾಗುವ ಸುದ್ದಿಯಷ್ಟೇ ಆಗಿತ್ತು. 2008ರಲ್ಲಿ ಬೆಂಗಳೂರಿನಲ್ಲಿ 10ಕೆ ಓಟ ಶುರುವಾಯಿತು. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ, ಮ್ಯಾರಥಾನ್‌ಗಿಂತಲೂ ಉದ್ದದ ಅಲ್ಟ್ರಾ ಓಟ ಬಂತು. 2019ರಲ್ಲಿ ಪಕ್ಕದ ಗೋವಾಕ್ಕೆ ಅರ್ಧ ಐರನ್‌ಮ್ಯಾನೂ ಬಂತು. ಈಗ ಬ್ಯಾಂಕಿನವರು, ಡಾಕ್ಟರು, ಸಾಫ್ಟ್‌ವೇರಿನವರು ಮನೆಯ ಗೋಡೆಗೆ ಪದಕಗಳ ಸಾಲು ತೂಗುಹಾಕಿದ್ದಾರೆ. ಅವರಲ್ಲಿ ಬಹಳಷ್ಟು ಜನರಿಗೆ ನಲವತ್ತು ದಾಟಿದೆ. ಇನ್ನೂ ದೂರ ಓಡುವುದೋ, ಇಷ್ಟು ಸಾಕೆಂದು ಬೇರೆ ಗುರಿ ಹಿಡಿಯುವುದೋ ಎಂಬ ಪ್ರಶ್ನೆ ಅವರ ಮುಂದಿದೆ.

ಬಿಡಬಾರದು ಎನ್ನುವವರ ಮಾತನ್ನು ಮೊದಲು ಕೇಳೋಣ. ಇವರಲ್ಲಿ ಹಲವರು ಓಟಕ್ಕೆ ಬಂದದ್ದು ಶುಗರ್, ಬಿಪಿ, ಸಿಗರೇಟಿನ ಭಯದಿಂದ. ‘ಆರೋಗ್ಯಕ್ಕಾಗಿ ದಿನಾ ಓಡುತ್ತೇನೆ’ ಎಂಬ ಸಂಕಲ್ಪ ಮೊದಲ ಮಳೆಗೇ ಕರಗುತ್ತದೆ. ದುಡ್ಡು ಕಟ್ಟಿ ಹೆಸರು ನೋಂದಾಯಿಸಿದ ಸ್ಪರ್ಧೆ ಹಾಗಲ್ಲ, ಅದರ ತಾರೀಖು ಹಾಸಿಗೆಯಿಂದ ಎಬ್ಬಿಸುತ್ತದೆ. ಜತೆಗೆ ಗೆಳೆಯರ ಬಳಗ. ಬೆಳಗಿನ ಓಟದಲ್ಲಿ ಮ್ಯಾನೇಜರೂ ಒಂದೇ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನೂ ಒಂದೇ. ಓಟ ಮುಗಿದ ಮೇಲೆ ಇಡ್ಲಿ-ವಡೆಯ ಮುಂದೆ ಎಲ್ಲರೂ ಸಮ. ನಡುವಯಸ್ಸಿನಲ್ಲಿ ಹೊಸ ಸ್ನೇಹ ಕೊಡುವ ಜಾಗಗಳು ನಮ್ಮ ನಗರಗಳಲ್ಲಿ ಎಷ್ಟಿವೆ?

ಹೆಂಗಸರ ವಿಷಯದಲ್ಲಿ ಈ ವಾದಕ್ಕೆ ಇನ್ನೂ ತೂಕವಿದೆ. ಎಷ್ಟೋ ಗೃಹಿಣಿಯರಿಗೆ, ಉದ್ಯೋಗಸ್ಥೆಯರಿಗೆ ಮುಂಜಾನೆಯ ಆ ಎರಡು ಗಂಟೆ ಮಾತ್ರ ಪೂರ್ತಿ ಸ್ವಂತದ್ದು. ಅಂಥವರಿಗೆ ‘ಸ್ವಲ್ಪ ಸಮತೋಲನ ಇರಲಿ’ ಎಂದು ಬುದ್ಧಿ ಹೇಳುವವರು ಅನೇಕ ಸಲ ಹೇಳುತ್ತಿರುವುದು ‘ಅಡುಗೆಮನೆಗೆ ವಾಪಸು ಬಾ’ ಎಂದೇ. ಸಮತೋಲನದ ಪರವಾಗಿ ಮಾತಾಡುವಾಗ ಇದನ್ನು ಮರೆಯುವಂತಿಲ್ಲ.

ಇನ್ನೊಂದು ಪಕ್ಷದವರು ಮನೆಯ ಲೆಕ್ಕ ಮುಂದಿಡುತ್ತಾರೆ. ಶನಿವಾರ ಸಂಜೆ ನೆಂಟರ ಮದುವೆ ಆರತಕ್ಷತೆಗೆ ಹೋದರೂ ಎಂಟು ಗಂಟೆಗೇ ಎದ್ದು ಹೊರಡಬೇಕು. ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಅಲಾರಾಂ, ಕತ್ತಲಲ್ಲೇ ಸೈಕಲ್ಲಿನ ಗಾಳಿ ನೋಡಿ, ಜೇಬಿಗೆ ಬಾಳೆಹಣ್ಣು, ಕಡಲೆಕಾಯಿ ಚಿಕ್ಕಿ ತುಂಬಿಕೊಂಡು ನಂದಿ ಬೆಟ್ಟದ ದಾರಿ. ಹತ್ತೂವರೆಗೆ ಮನೆಗೆ ಬಂದು, ತಿಂಡಿ ತಿಂದು ಮಲಗಿದರೆ ಮಧ್ಯಾಹ್ನವೂ ಹೋಯಿತು. ಮಗಳ ಗಣಿತದ ಪಾಠ, ಅಪ್ಪನ ಕಣ್ಣಿನ ತಪಾಸಣೆ, ವಾರದ ದಿನಸಿ ಎಲ್ಲವೂ ಮನೆಯ ಇನ್ನೊಬ್ಬರ ಪಾಲಿಗೆ. ಸ್ಪರ್ಧೆ ಮುಗಿಸಿದವರಿಗೆ ಪದಕ ಸಿಗುತ್ತದೆ, ಅದನ್ನು ಸಾಧ್ಯವಾಗಿಸಿದವರಿಗೆ ಮುಂದಿನ ಸ್ಪರ್ಧೆಯ ತಾರೀಖು ಸಿಗುತ್ತದೆ.

ದೇಹದ ಲೆಕ್ಕವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವ್ಯಾಯಾಮ, ಅಥವಾ 75ರಿಂದ 150 ನಿಮಿಷಗಳ ಕಠಿಣ ವ್ಯಾಯಾಮ. ಅದರ ಜತೆಗೆ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ಕಸರತ್ತು. ನಂದಿಗೆ ಒಂದು ಸಲ ಹೋಗಿಬಂದರೆ ಮೊದಲ ಬಾಬತ್ತು ತೀರಿಯೇಬಿಡುತ್ತದೆ. ದೂರದ ಹಿಂದೆ ಬಿದ್ದವರು ತಪ್ಪಿಸುವುದು ಎರಡನೆಯದನ್ನು. ವಯಸ್ಸಾದಂತೆ ಸ್ನಾಯು ಕರಗುವುದನ್ನು ಬರಿಯ ಓಟ ತಡೆಯಲಾರದು.

ಇನ್ನು ಹೃದಯದ ಮಾತು. ಸ್ವೀಡನ್ನಿನಲ್ಲಿ 1922ರಿಂದ ವಾಸಲೋಪೆಟ್ ಎಂಬ 90 ಕಿ.ಮೀ. ಸ್ಕೀ ಸ್ಪರ್ಧೆ ನಡೆಯುತ್ತಿದೆ. ಅದರಲ್ಲಿ ಭಾಗವಹಿಸಿದ ಐವತ್ತು ಸಾವಿರಕ್ಕೂ ಹೆಚ್ಚು ಮಂದಿಯ ದಾಖಲೆ ನೋಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಐದು ಅಥವಾ ಅದಕ್ಕಿಂತ ಹೆಚ್ಚು ಬಾರಿ ಸ್ಪರ್ಧೆ ಮುಗಿಸಿದವರಲ್ಲಿ, ಒಂದೇ ಸಲ ಮುಗಿಸಿದವರಿಗಿಂತ ಎದೆಬಡಿತ ಏರುಪೇರಾಗುವ ತೊಂದರೆ ಸುಮಾರು ಶೇ 30ರಷ್ಟು ಹೆಚ್ಚಿತ್ತು. ‘ನೋಡಿದಿರಾ’ ಎನ್ನುವ ಮೊದಲು ಇನ್ನೊಂದು ಸಂಗತಿ: ಇದೇ ಸ್ಪರ್ಧೆಯವರ ಬಗ್ಗೆ ಅದಕ್ಕೂ ಹಿಂದೆ ನಡೆದ ಅಧ್ಯಯನದಲ್ಲಿ ಅವರ ಮರಣ ಪ್ರಮಾಣ ಅಲ್ಲಿನ ಸಾಮಾನ್ಯ ಜನರಿಗಿಂತ ಬಹಳ ಕಡಿಮೆ ಇತ್ತು. ಹಾಗೆಂದು ಸ್ಕೀ ಮಾಡಿದ್ದರಿಂದಲೇ ಆಯುಸ್ಸು ಹೆಚ್ಚಿತು ಎನ್ನಲೂ ಆಗದು; 90 ಕಿ.ಮೀ. ಸ್ಪರ್ಧೆಗೆ ಬರುವವರು ಮೊದಲೇ ಗಟ್ಟಿಮುಟ್ಟಾದವರು. ಒಂದೇ ಸ್ಪರ್ಧೆ ಎರಡೂ ಪಕ್ಷಕ್ಕೆ ಸಾಕ್ಷಿ ಒದಗಿಸುತ್ತದೆ. ಹಾಗಾಗಿ ಹೃದಯದ ಹೆಸರು ಹೇಳಿ ಹೆದರಿಸುವುದೂ ಸರಿಯಲ್ಲ, ಹೃದಯಕ್ಕೆ ಒಳ್ಳೆಯದೆಂದು ದೂರವನ್ನು ಹೆಚ್ಚಿಸುತ್ತಲೇ ಹೋಗುವುದೂ ಸರಿಯಲ್ಲ. ಎದೆ ಹಿಡಿದಂತಾದರೆ, ಬಡಿತ ತಪ್ಪಿದಂತೆ ಅನಿಸಿದರೆ ವೈದ್ಯರ ಬಳಿ ಹೋಗಬೇಕು.

ಗುರಿ ಬದಲಿಸಿದವರ ಉದಾಹರಣೆಯೂ ಕಣ್ಣ ಮುಂದಿದೆ. ಬ್ರಿಟನ್ನಿನ ಕ್ರಿಸ್ಸಿ ವೆಲ್ಲಿಂಗ್ಟನ್ ನಾಲ್ಕು ಬಾರಿ ಐರನ್‌ಮ್ಯಾನ್ ವಿಶ್ವ ಚಾಂಪಿಯನ್. 2011ರಲ್ಲಿ, ಸ್ಪರ್ಧೆಗೆ ಎರಡು ವಾರವಿದ್ದಾಗ ಸೈಕಲ್ಲಿನಿಂದ ಬಿದ್ದು ಗಾಯಗೊಂಡರೂ ಗೆದ್ದರು. ಆ ದೂರದಲ್ಲಿ ಒಮ್ಮೆಯೂ ಸೋಲದ ಅವರು 2012ರ ಕೊನೆಯಲ್ಲಿ ವೃತ್ತಿಪರ ಸ್ಪರ್ಧೆಗೆ ವಿದಾಯ ಹೇಳಿದರು. ಆಮೇಲೆ ಹೋಗಿ ಸೇರಿದ್ದು ಪಾರ್ಕ್‌ರನ್ ಸಂಸ್ಥೆಯನ್ನು. ಪ್ರತಿ ವಾರ ಪಾರ್ಕುಗಳಲ್ಲಿ ಯಾರು ಬೇಕಾದರೂ ಬಂದು 5 ಕಿ.ಮೀ. ಓಡಬಹುದಾದ, ನಡೆಯಬಹುದಾದ ಉಚಿತ ಕೂಟ ಅದು. ಎಂಬತ್ತೊಂಬತ್ತರ ವಯಸ್ಸಿನಲ್ಲಿ ಲಂಡನ್ ಮ್ಯಾರಥಾನ್ ಓಡಿ ಹೆಸರಾದ ಫೌಜಾ ಸಿಂಗ್ 2013ರಲ್ಲಿ ಹಾಂಗ್‌ಕಾಂಗ್‌ನಲ್ಲಿ 10 ಕಿ.ಮೀ. ಓಡಿ ಸ್ಪರ್ಧೆ ಬಿಟ್ಟರು, ನಡಿಗೆ ಬಿಡಲಿಲ್ಲ.

ಆದರೆ ಗುರಿ ಬದಲಿಸುವುದೆಂದರೆ ಹೆಸರು ಬದಲಿಸುವುದಲ್ಲ. ಅಲ್ಟ್ರಾ ಬಿಟ್ಟು ಜಿಮ್ಮಿನ ಸ್ಪರ್ಧೆಗೆ ಅದೇ ಗೀಳಿನಿಂದ ಬಿದ್ದರೆ ಮನೆಯವರಿಗೆ ಭಾನುವಾರ ಮರಳಿ ಬರುವುದಿಲ್ಲ. ಪೂರ್ತಿ ನಿಲ್ಲಿಸಿ ಸುಮ್ಮನೆ ಕೂತವರ ಪಾಡೂ ಚೆನ್ನಾಗಿಲ್ಲ; ತೂಕ ಏರುತ್ತದೆ, ಗೆಳೆಯರು ದೂರವಾಗುತ್ತಾರೆ, ಮನಸ್ಸು ಖಾಲಿಯಾಗುತ್ತದೆ. ಸ್ಪರ್ಧೆ ಕೊಡುತ್ತಿದ್ದ ತಾರೀಖು, ಅಳತೆ, ಬಳಗ ಈ ಮೂರನ್ನೂ ಹೊಸ ಗುರಿ ಕೊಡಬೇಕು. ಮಗಳ ಜತೆ ಡಿಸೆಂಬರಿನಲ್ಲಿ ಕುಮಾರ ಪರ್ವತ ಹತ್ತುವುದು, ಹತ್ತು ಪುಲ್-ಅಪ್ ಹೊಡೆಯುವುದು, ನೆರೆಯವರಲ್ಲಿ ನಾಲ್ವರನ್ನು ಮೊದಲ 5 ಕಿ.ಮೀ. ಓಟಕ್ಕೆ ತಯಾರು ಮಾಡುವುದು, ಇವೆಲ್ಲ ಗುರಿಗಳೇ. ಪದಕ ಇಲ್ಲವೆಂಬುದೊಂದೇ ಕೊರತೆ.

ಎರಡೂ ಪಕ್ಷ ತೂಗಿ ನೋಡಿದರೆ ನನ್ನ ತೀರ್ಮಾನ ಇಷ್ಟು. ದೊಡ್ಡ ಸ್ಪರ್ಧೆಯನ್ನು ಶಾಶ್ವತವಾಗಿ ಬಿಡಬೇಕಿಲ್ಲ, ವರ್ಷಕ್ಕೆ ಎರಡು ಸಲ ಬೇಕಾಗಿಯೂ ಇಲ್ಲ. ಎರಡು-ಮೂರು ವರ್ಷಕ್ಕೊಮ್ಮೆ ಸಾಕು, ನಡುವಿನ ವರ್ಷಗಳು ಬೇರೆ ಗುರಿಗಳಿಗಿರಲಿ. ಮೊಣಕಾಲಿನ ನೋವನ್ನು ಮನೆಯಲ್ಲಿ ಮುಚ್ಚಿಡಬೇಕಾಗಿ ಬಂದರೆ, ಹಿಂದಿನ ಗಾಯ ಮಾಯುವ ಮೊದಲೇ ಮುಂದಿನ ಸ್ಪರ್ಧೆ ಹುಡುಕುವಂತಾದರೆ ಬದಲಿಸುವ ಕಾಲ ಬಂದಿದೆ ಎಂದೇ ಅರ್ಥ. ಓಟವೇ ನಿಮ್ಮ ಬದುಕಿಗೆ ಆಸರೆಯಾಗಿದ್ದರೆ, ಮನೆಯವರೂ ಅದನ್ನು ಒಪ್ಪಿದ್ದರೆ, ಯಾರ ಬುದ್ಧಿಮಾತಿಗೂ ಅಂಜಬೇಡಿ. ಮುಂದಿನ ಸ್ಪರ್ಧೆಯ ಶುಲ್ಕ ಕಟ್ಟುವ ಮೊದಲು ಮನೆಯವರನ್ನು ಒಂದು ಮಾತು ಕೇಳಿ, ಅವರ ಉತ್ತರ ಬಂದ ಮೇಲೆ ಕಟ್ಟಿ.